ಅಂಕಪಟ್ಟಿ ಚೆನ್ನಾಗಿದೆ, ಆದರೆ ನನಗೆ ಏನು ಬರುತ್ತದೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಆರನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಅಂಕಗಳು ಚೆನ್ನಾಗಿವೆ. ಆದರೆ ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಚಾಟ್‌ಜಿಪಿಟಿಯಿಂದ ಬರೆಸಿಕೊಂಡಿದ್ದೇನೆ. ಒಬ್ಬಳೇ ಕೂತು ಏನಾದರೂ ಮಾಡು ಎಂದರೆ ಕೈ ಓಡುವುದಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸ ಸಿಗುವುದಿಲ್ಲ, ಪೈಥಾನ್ ಮತ್ತು ಎಐ ಕಲಿತು ಸಾಫ್ಟ್‌ವೇರ್‌ಗೆ ಹೋಗು ಎಂದು ಸೀನಿಯರ್‌ಗಳು ಹೇಳುತ್ತಾರೆ. ಎಐ ಬಂದ ಮೇಲೆ ಆ ಕೆಲಸವೂ ಉಳಿಯುವುದಿಲ್ಲ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ನನಗೆ ಯಾವುದರಲ್ಲಿ ಆಸಕ್ತಿ ಎಂಬುದೇ ತಿಳಿಯುತ್ತಿಲ್ಲ. ಮುಂದಿನ ಪ್ರಾಜೆಕ್ಟ್‌ಗೆ ‘ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ’ (ಐಒಟಿ ಎಂದರೆ ಇಂಟರ್ನೆಟ್‌ಗೆ ಜೋಡಿಸಿದ ಸಾಧನಗಳು) ಎಂದು ಹೆಸರು ಕೊಟ್ಟಿದ್ದೇವೆ. ಬೆಂಗಳೂರಿನ ಪ್ರಾಜೆಕ್ಟ್ ಅಂಗಡಿಯಿಂದ ರೆಡಿ ಮಾಡಿಸಿ ತರೋಣ ಎಂದು ತಂಡದ ಉಳಿದ ಮೂವರು ಹೇಳುತ್ತಿದ್ದಾರೆ. ಮನೆಯಲ್ಲಿ ತೆಂಗಿನ ತೋಟ, ಒಂದು ಬೋರ್‌ವೆಲ್ ಇದೆ. ಓದಿಗೆ ಬ್ಯಾಂಕ್ ಸಾಲವೂ ಇದೆ. ನಾನು ಏನು ಕಲಿಯಬೇಕು?

ಉತ್ತರ: ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ನೀವು ಪತ್ರದ ಕೊನೆಯಲ್ಲಿ, ಮನೆಯ ಪರಿಚಯ ಮಾಡಿಕೊಡುವಂತೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದೀರಿ: ತೆಂಗಿನ ತೋಟ, ಬೋರ್‌ವೆಲ್. ನಿಮ್ಮ ಪ್ರಾಜೆಕ್ಟಿನ ಹೆಸರಿನಲ್ಲಿರುವ ನೀರಾವರಿ ನಿಮ್ಮ ಹಿತ್ತಿಲಲ್ಲೇ ಇದೆ, ನೀವು ಅದನ್ನು ಬೆಂಗಳೂರಿನ ಅಂಗಡಿಯಿಂದ ಕೊಂಡು ತರಲು ಹೊರಟಿದ್ದೀರಿ. ಅದರ ಬಗ್ಗೆ ವಿವರವಾಗಿ ಹೇಳುವುದಿದೆ. ಅದಕ್ಕೂ ಮುಂಚೆ ಆ ಲ್ಯಾಬ್ ಪ್ರೋಗ್ರಾಂಗಳ ವಿಷಯ.

ನೋಡಿ ಬರೆಯುವುದನ್ನು ನಿಮ್ಮ ತಲೆಮಾರು ಕಂಡುಹಿಡಿದಿಲ್ಲ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಎರವಲು ತಂದು, ರೀಡಿಂಗ್ ಸಮೇತ ಇಳಿಸಿಕೊಂಡವರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಆಗ ನೋಡಿ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಓಡುತ್ತಿರಲಿಲ್ಲ. ಎಲ್ಲೋ ಒಂದು ಅರ್ಧವಿರಾಮ ಬಿಟ್ಟುಹೋಗಿರುತ್ತಿತ್ತು, ಪೋರ್ಟಿನ ಹೆಸರು ತಪ್ಪಿರುತ್ತಿತ್ತು, ಇಲ್ಲವೇ ಸೀನಿಯರ್ ಬಳಸಿದ ಬೋರ್ಡೇ ಬೇರೆಯಾಗಿರುತ್ತಿತ್ತು. ಅದನ್ನು ಓಡಿಸಲು ಮಧ್ಯಾಹ್ನವಿಡೀ ಹೆಣಗುವಾಗ, ಬೇಡವೆಂದರೂ ನಾಲ್ಕು ವಿಷಯ ತಲೆಗೆ ಹೋಗುತ್ತಿದ್ದವು. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಹೆಣಗಾಟ ತಪ್ಪಿತು. ಲ್ಯಾಬ್ ಸಿಲಬಸ್ಸಿನ ಪ್ರೋಗ್ರಾಂಗಳು ಸಾವಿರಾರು ಕಡೆ ಬರೆದಿಟ್ಟಿರುವಂಥವು. ಅವುಗಳನ್ನು ಅದು ಮೊದಲ ಏಟಿಗೇ ಸರಿಯಾಗಿ ಕೊಡುತ್ತದೆ. ನಿಮ್ಮ ಕೈ ಓಡದಿರುವುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ಯಾವುದೂ ನಿಮ್ಮನ್ನು ಅಡ್ಡಗಟ್ಟಿ ನಿಲ್ಲಿಸಲೇ ಇಲ್ಲ, ಅಷ್ಟೆ.

ಹಾಗಾಗಿ ಯಾವ ಕೋರ್ಸ್ ಸೇರಬೇಕೆಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮ್ಮನ್ನು ಅಡ್ಡಗಟ್ಟುವ ಒಂದು ಕೆಲಸ ನಿಮಗೆ ಬೇಕು. ಎಐ ಬಳಸಿದರೂ ಸುಲಭಕ್ಕೆ ಬಗ್ಗದ ಕೆಲಸವಾಗಿರಬೇಕು. ಅದು ನಿಮ್ಮ ತೋಟದ ಸ್ಟಾರ್ಟರ್ ಡಬ್ಬದೊಳಗಿದೆ.

‘ಸ್ಮಾರ್ಟ್ ನೀರಾವರಿ’ ಪ್ರಾಜೆಕ್ಟನ್ನು ಸಂದರ್ಶನಗಳಲ್ಲಿ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾಜ್ಯದ ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಪ್ರತಿ ವರ್ಷ ಒಂದು ತಂಡವಾದರೂ ಅದನ್ನು ಮಾಡುತ್ತದೆ. ಎಲ್ಲದರ ಚಹರೆ ಒಂದೇ: ಥರ್ಮೋಕೋಲ್ ಹಲಗೆ, ಅದರ ಮೇಲೊಂದು ಪ್ಲಾಸ್ಟಿಕ್ ಕುಂಡ, ಕುಂಡದ ಮಣ್ಣಿಗೆ ಚುಚ್ಚಿದ ಎರಡು ಕಡ್ಡಿಯ ಸೆನ್ಸರ್, ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಒಂದು ಇಎಸ್‌ಪಿ32 ಬೋರ್ಡ್, ನೀಲಿ ಬಣ್ಣದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಅಕ್ವೇರಿಯಂಗೆ ಹಾಕುವಂಥ ಪುಟ್ಟ ಪಂಪ್. ಮಣ್ಣು ಒಣಗಿದರೆ ಪಂಪ್ ಓಡುತ್ತದೆ, ಒದ್ದೆಯಾದರೆ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಒಂದು ಗ್ರಾಫ್ ಕಾಣುತ್ತದೆ. ಅದನ್ನು ತಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ: ಈ ರಿಲೇಯನ್ನು ಇಎಸ್‌ಪಿ32ರ ಕಾಲಿಗೆ, ಅಂದರೆ ಪಿನ್ನಿಗೆ, ನೇರವಾಗಿ ಏಕೆ ಜೋಡಿಸಿಲ್ಲ? ಹೆಚ್ಚಿನವರು ಸುಮ್ಮನಾಗುತ್ತಾರೆ. ಉತ್ತರ ದೊಡ್ಡದೇನಲ್ಲ. ಆ ಬಗೆಯ 5 ವೋಲ್ಟ್ ರಿಲೇಯ ಸುರುಳಿ ಸುಮಾರು 70 ಮಿಲಿಆಂಪಿಯರ್ ಕರೆಂಟ್ ಎಳೆಯುತ್ತದೆ. ಚಿಪ್ಪಿನ ಒಂದು ಕಾಲು 40ರ ಆಚೆ ಕೊಡಲಾರದು, ಕೊಟ್ಟರೆ ಸುಡುತ್ತದೆ. ಅದಕ್ಕಾಗಿ ನಡುವೆ ಒಂದು ಟ್ರಾನ್ಸಿಸ್ಟರ್ ಇರಬೇಕು. ಆ ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟ್ ತಟ್ಟನೆ ನಿಲ್ಲಲು ಒಪ್ಪುವುದಿಲ್ಲ. ವೋಲ್ಟೇಜ್ ಎಕ್ಕಾಮುಕ್ಕಾ ಏರಿ ಟ್ರಾನ್ಸಿಸ್ಟರನ್ನೇ ಕೊಲ್ಲುತ್ತದೆ. ಆ ಕರೆಂಟಿಗೆ ಸುತ್ತಿ ಇಳಿಯಲು ದಾರಿ ಮಾಡಿಕೊಡುವುದಕ್ಕೇ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಇಡುತ್ತಾರೆ. ಅಂಗಡಿಯಲ್ಲಿ ಸಿಗುವ ರಿಲೇ ಬೋರ್ಡಿನ ಮೇಲೆ ಈ ಎಲ್ಲವೂ ಮೊದಲೇ ಇರುತ್ತವೆ. ಅದಕ್ಕೇ ಯಾರೂ ಅವುಗಳನ್ನು ಗಮನಿಸುವುದಿಲ್ಲ.

ಟ್ರಾನ್ಸಿಸ್ಟರ್ ಏಕೆ, ಡಯೋಡ್ ಏಕೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸಬಲ್ಲವರಿಗೆ ನಾನು ಸಿಜಿಪಿಎ ಎಷ್ಟೆಂದು ಕೇಳುವ ಗೋಜಿಗೆ ಹೋಗುವುದಿಲ್ಲ.

ಈಗ ಅದೇ ಪ್ರಾಜೆಕ್ಟನ್ನು ಕುಂಡದಿಂದ ತೋಟಕ್ಕೆ ತನ್ನಿ. ನಿಮ್ಮ ತಂದೆಯ ಬೋರ್‌ವೆಲ್‌ಗೆ ತ್ರೀ ಫೇಸ್ ಮೋಟರ್ ಇದೆ ಎಂದುಕೊಳ್ಳುತ್ತೇನೆ. ಗೋಡೆಗೆ ಹೊಡೆದ ಸ್ಟಾರ್ಟರ್ ಡಬ್ಬದಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ. ಹಸಿರು ಗುಂಡಿಯನ್ನು ಒತ್ತಿ ಬಿಟ್ಟರೆ ಒಳಗಿನ ಕಾಂಟ್ಯಾಕ್ಟರ್ (ದೊಡ್ಡ ರಿಲೇಯಂಥ ಸ್ವಿಚ್) ಸೆಳೆದುಕೊಂಡು ತಾನೇ ಹಿಡಿದುಕೊಳ್ಳುತ್ತದೆ, ಕೈ ತೆಗೆದರೂ ಮೋಟರ್ ಓಡುತ್ತದೆ. ಕರೆಂಟ್ ಹೋದರೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಕರೆಂಟ್ ಮತ್ತೆ ಬಂದರೂ ಮೋಟರ್ ತಾನಾಗಿ ಶುರುವಾಗುವುದಿಲ್ಲ. ಯಾರಾದರೂ ಬಂದು ಒತ್ತಬೇಕು. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಹೋದ ಕರೆಂಟ್ ಅರೆಬರೆಯಾಗಿ, ಒಂದು ಫೇಸ್ ಇಲ್ಲದೆ ಬಂದರೆ ಮೋಟರಿನ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಬೋರ್‌ವೆಲ್‌ನಿಂದ ಮೋಟರ್ ಎತ್ತಿಸಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಅದರ ಖರ್ಚು ಎಷ್ಟೆಂದು ನಿಮ್ಮ ತಂದೆಯನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಎಐ ಕೊಡುವ ಕೋಡ್ ಹೇಗಿರುತ್ತದೆ? ತೇವ ಇಷ್ಟಕ್ಕಿಂತ ಕಡಿಮೆಯಾದರೆ ರಿಲೇ ಆನ್, ಹೆಚ್ಚಾದರೆ ಆಫ್. ಕುಂಡದ ಪಂಪಿಗೆ ಅದು ಸರಿ. ಅದೇ ರಿಲೇಯನ್ನು ನಿಮ್ಮ ಹಸಿರು ಗುಂಡಿಗೆ ಸಮಾನಾಂತರವಾಗಿ ಜೋಡಿಸಿದರೆ, ಯಾರೋ ಒಬ್ಬರು ಹಗಲೂ ರಾತ್ರಿ ಗುಂಡಿಯನ್ನು ಒತ್ತಿ ಹಿಡಿದು ನಿಂತಂತಾಗುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಮೋಟರ್ ತಕ್ಷಣ ಜಿಗಿದು ಶುರುವಾಗುತ್ತದೆ, ಮೂರೂ ಫೇಸ್ ಬಂದಿರಲಿ, ಬಿಡಲಿ. ಸ್ಟಾರ್ಟರ್ ಮಾಡಿದವನು ಕಾಳಜಿಯಿಂದ ಇಟ್ಟ ರಕ್ಷಣೆಯನ್ನು ನಿಮ್ಮ ‘ಸ್ಮಾರ್ಟ್’ ಸಾಧನ ತೆಗೆದುಹಾಕಿತು. ಇಲ್ಲಿ ಬೇಕಿರುವುದು ಒಂದೆರಡು ಸೆಕೆಂಡ್ ಒತ್ತಿ ಬಿಡುವ ಒಂದು ರಿಲೇ, ನಿಲ್ಲಿಸುವುದಕ್ಕೆ ಕೆಂಪು ಗುಂಡಿಯ ಸಾಲಿನಲ್ಲಿ ಇನ್ನೊಂದು ರಿಲೇ, ಮೂರೂ ಫೇಸ್ ಇವೆಯೇ ಎಂದು ನೋಡುವ ವ್ಯವಸ್ಥೆ, ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ಕಾಯುವ ತಾಳ್ಮೆ. ಆ ಕಾಯುವ ಸಮಯ ಎಲ್ಲರ ತೋಟದಲ್ಲೂ ಒಂದೇ ಆಗಿರಬಾರದು. ಒಂದೇ ಟಿಸಿಯ (ಊರಿನ ಟ್ರಾನ್ಸ್‌ಫಾರ್ಮರ್) ಕೆಳಗಿನ ಮೋಟರ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಟಿಸಿಯೇ ಕೈಕೊಡುತ್ತದೆ. ಕೊಳವೆಬಾವಿಯಲ್ಲಿ ನೀರು ಕೆಳಗಿಳಿದು ಮೋಟರ್ ಒಣಗಿ ಓಡುತ್ತಿದ್ದರೆ ಅದನ್ನು ಗುರುತಿಸಿ ನಿಲ್ಲಿಸಬೇಕು. ಅದಕ್ಕೆ ನೀರನ್ನೇ ಅಳೆಯಬೇಕಾಗಿಲ್ಲ, ಮೋಟರ್ ಎಳೆಯುವ ಕರೆಂಟ್ ಇಳಿದದ್ದನ್ನು ನೋಡಿದರೆ ಸಾಕು.

ಈ ವಿವರಗಳನ್ನೆಲ್ಲ ನೀವು ಹೇಳಿ ಕೇಳಿದರೆ ಎಐ ಕೋಡ್ ಬರೆದುಕೊಡುತ್ತದೆ, ಅದೂ ಚೆನ್ನಾಗಿಯೇ. ಆದರೆ ಹೇಳಬೇಕಾದ್ದು ಏನೆಂದು ಗೊತ್ತಿರಬೇಕಾದವರು ನೀವು. ಆ ಗೊತ್ತಿರುವಿಕೆಗೇ ಕಂಪನಿಗಳು ಸಂಬಳ ಕೊಡುವುದು. ಎಐ ಬಂದ ಮೇಲೆ ಯಾವ ಕೆಲಸ ಉಳಿಯುತ್ತದೆ ಎಂದು ಭವಿಷ್ಯ ನುಡಿಯುವ ಧೈರ್ಯ ನನಗಿಲ್ಲ. ಯಾರಾದರೂ ಖಂಡಿತವಾಗಿ ಹೇಳಿದರೆ ಅವರು ನಿಮಗೆ ಯಾವುದೋ ಕೋರ್ಸ್ ಮಾರಲು ಬಂದವರಿರಬಹುದು.

ಸೆನ್ಸರಿನ ಕಥೆಯೂ ಇದೆ. ಎರಡು ಕಡ್ಡಿಯ ಆ ಅಗ್ಗದ ಸೆನ್ಸರ್ ಮಣ್ಣಿನಲ್ಲಿ ಕರೆಂಟ್ ಹರಿಸಿ ಅಳೆಯುತ್ತದೆ. ಒದ್ದೆ ಮಣ್ಣಿನಲ್ಲಿ ಒಂದೇ ದಿಕ್ಕಿಗೆ ಸದಾ ಕರೆಂಟ್ ಹರಿಯುತ್ತಿದ್ದರೆ ಕಡ್ಡಿಯ ಲೋಹ ಕರಗಿಹೋಗುತ್ತದೆ. ಪ್ರದರ್ಶನದ ದಿನ ಚೆನ್ನಾಗಿದ್ದದ್ದು ತೋಟದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಗೊಬ್ಬರ ಹಾಕಿದ ಮೇಲೆ ಮಣ್ಣಿನಲ್ಲಿ ಲವಣ ಹೆಚ್ಚಿ, ತೇವವಿಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ. ಲೋಹ ಮಣ್ಣಿಗೆ ತಾಗದಂತೆ ಅಳೆಯುವ ಕೆಪಾಸಿಟಿವ್ ಸೆನ್ಸರ್ ಇದಕ್ಕಿಂತ ವಾಸಿ. ಅದನ್ನು ತಂದು ಇಎಸ್‌ಪಿ32ಕ್ಕೆ ಜೋಡಿಸುತ್ತೀರಿ, ನಾಲ್ಕನೆಯ ಪಿನ್ನಿಗೆ ಎಂದಿಟ್ಟುಕೊಳ್ಳಿ. ರೀಡಿಂಗ್ ಸೊಗಸಾಗಿ ಬರುತ್ತದೆ. ಮಾರನೆಯ ದಿನ ವೈಫೈ ಸೇರಿಸುತ್ತೀರಿ, ರೀಡಿಂಗ್ ನಿಂತುಹೋಗುತ್ತದೆ. ಕೋಡ್ ತಿದ್ದುತ್ತೀರಿ, ಸೆನ್ಸರ್ ಬದಲಿಸುತ್ತೀರಿ, ಎಐಯನ್ನು ಕೇಳಿದರೆ ಅದು ಲೈಬ್ರರಿ ಬದಲಿಸು ಎಂದೂ ಹೇಳಬಹುದು. ಕಾರಣ ಚಿಪ್ ತಯಾರಕರ ದಾಖಲೆಯಲ್ಲಿ, ಅಂದರೆ ಡೇಟಾಶೀಟಿನಲ್ಲಿ, ಒಂದು ಸಾಲಿನಲ್ಲಿದೆ: ಆ ಚಿಪ್ಪಿನಲ್ಲಿ ಅನಲಾಗ್ ಅಳೆಯುವ ಎರಡು ಘಟಕಗಳಿವೆ, ಎರಡನೆಯದನ್ನು ವೈಫೈ ತನಗಾಗಿ ಬಳಸಿಕೊಳ್ಳುತ್ತದೆ, ನಾಲ್ಕನೆಯ ಪಿನ್ ಆ ಎರಡನೆಯ ಘಟಕಕ್ಕೆ ಸೇರಿದ್ದು. 32ರಿಂದ 39ರವರೆಗಿನ ಪಿನ್ನುಗಳಲ್ಲಿ ನಿಮ್ಮ ಬೋರ್ಡಿನಲ್ಲಿ ಹೊರಗೆ ತಂದಿರುವ ಯಾವುದಾದರೊಂದಕ್ಕೆ ತಂತಿ ಬದಲಿಸಿದರೆ ಸಮಸ್ಯೆ ಮುಗಿಯಿತು. ನಾನು ಉತ್ತರ ಹೇಳಿಬಿಟ್ಟೆ, ಆದರೂ ಒಮ್ಮೆ ಬೇಕೆಂದೇ ತಪ್ಪಾಗಿ ಜೋಡಿಸಿ ನೋಡಿ. ಸಂಖ್ಯೆ ಕಣ್ಣೆದುರಿಗೇ ಕೈಕೊಡುವುದನ್ನು ನೋಡಿದವರು ಡೇಟಾಶೀಟ್ ತೆರೆಯುವ ರೀತಿಯೇ ಬದಲಾಗುತ್ತದೆ.

ನಿಮಗೆ ಇಂಗ್ಲಿಷಿನ ಭಯವಿರಬಹುದು. ಪತ್ರದಲ್ಲಿ ಹೇಳದಿದ್ದರೂ ಕನ್ನಡ ಮಾಧ್ಯಮದ ಪ್ರಸ್ತಾಪದಿಂದ ಊಹಿಸಿದೆ. ಡೇಟಾಶೀಟಿನ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಅಲ್ಲಿ ಅದೇ ಕೆಲವು ನೂರು ಪದಗಳು ತಿರುಗಿ ತಿರುಗಿ ಬರುತ್ತವೆ, ವಾಕ್ಯಗಳು ಚಿಕ್ಕವು, ಮುಕ್ಕಾಲುಪಾಲು ಕೋಷ್ಟಕ ಮತ್ತು ಚಿತ್ರ. ಒಂದು ಚಿಪ್ಪಿನ ಹಾಳೆಗಳನ್ನು ಹಟ ಹಿಡಿದು ಓದಿದರೆ ಎರಡನೆಯದು ಅರ್ಧ ಸುಲಭ. ಓದಿದ್ದನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಂದರ್ಶನದಲ್ಲಿ ನಿಮ್ಮದೇ ಸ್ಟಾರ್ಟರ್ ಬಗ್ಗೆ ಮಾತಾಡುವಾಗ ವ್ಯಾಕರಣ ಅಲ್ಲಲ್ಲಿ ತಪ್ಪಿದರೂ ಕೇಳುವವರು ಸಹಿಸಿಕೊಳ್ಳುತ್ತಾರೆ. ಬಾಯಿಪಾಠ ಮಾಡಿದ ‘ನನ್ನ ಬಗ್ಗೆ ನಾಲ್ಕು ಮಾತು’ ಕೇಳುವುದೇ ಅವರಿಗೆ ಕಷ್ಟ.

ಸಾಧನ ಮಾಡಲು ಕೂರುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಪ್ರಾಜೆಕ್ಟ್ ವರದಿಗಳಲ್ಲಿ ಅದು ಕಾಣಸಿಗುವುದೇ ಅಪರೂಪ. ತಂದೆಯ ಜೊತೆ ತೋಟಕ್ಕೆ ಹೋಗಿ, ನೀರು ಬಿಡುವುದನ್ನು ಅವರು ಹೇಗೆ ತೀರ್ಮಾನಿಸುತ್ತಾರೆ ಎಂದು ಕೇಳಿ. ತೆಂಗಿನ ಪಾತಿಯನ್ನು ಸ್ವಲ್ಪ ಕೆದಕಿ, ಮಣ್ಣನ್ನು ಹಿಡಿಯಲ್ಲಿ ಅಮುಕಿ ನೋಡುತ್ತಾರೋ, ಕಳೆದ ವಾರದ ಲೆಕ್ಕವೋ, ಅಥವಾ ಕರೆಂಟ್ ಇದ್ದಾಗ ಬಿಟ್ಟದ್ದೇ ನೀರೋ? ಬಹಳಷ್ಟು ರೈತರ ಪಾಲಿಗೆ ತೊಂದರೆ ಮಣ್ಣಿನ ತೇವ ಗೊತ್ತಾಗದಿರುವುದಲ್ಲ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಬರುವುದು ಪಾಳಿಯ ಮೇಲೆ, ದಿನಕ್ಕೆ ಕೆಲವು ಗಂಟೆ ಮಾತ್ರ. ಪಾಳಿ ರಾತ್ರಿಗೆ ಬಿದ್ದರೆ ಟಾರ್ಚ್ ಹಿಡಿದು ಹಾವು ಹುಳುಗಳ ನಡುವೆ ಹೋಗಬೇಕು. ನಡುವೆ ಕರೆಂಟ್ ಹೋಗಿ ಬಂದರೆ ಮತ್ತೆ ಹೋಗಬೇಕು. ಹಾಗಿರುವಾಗ ತೇವದ ಗ್ರಾಫ್ ತೋರಿಸಿದರೆ ಅವರು ಮಗಳ ಮನಸ್ಸು ನೋಯಬಾರದೆಂದು ಚೆನ್ನಾಗಿದೆ ಎನ್ನುತ್ತಾರೆ, ಅಷ್ಟೆ. ಅವರಿಗೆ ಬೇಕಿರುವುದು ಮಲಗಿದಲ್ಲಿಂದಲೇ ಗೊತ್ತಾಗುವ ಮೂರು ವಿಷಯ: ಕರೆಂಟ್ ಬಂತೇ, ಮೋಟರ್ ಓಡುತ್ತಿದೆಯೇ, ನೀರು ಬರುತ್ತಿದೆಯೇ.

ಇದಕ್ಕೆ ಮೊಬೈಲ್ ಸ್ಟಾರ್ಟರ್‌ಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ, ನಿಮ್ಮ ತಾಲ್ಲೂಕು ಕೇಂದ್ರದ ಪಂಪ್ ಅಂಗಡಿಯಲ್ಲೂ ಸಿಗುತ್ತವೆ. ಹಾಗಾದರೆ ನಾನೇಕೆ ಮಾಡಬೇಕು ಎಂದು ಕೇಳಬೇಡಿ. ಮಾರಾಟಕ್ಕಿರುವುದು ನಿಮಗೆ ದೊಡ್ಡ ಅನುಕೂಲ: ಅಂಗಡಿಯವರನ್ನು ಮಾತಾಡಿಸಿ ಯಾವ ದೂರುಗಳು ವಾಪಸ್ ಬರುತ್ತವೆ ಎಂದು ವಿಚಾರಿಸಬಹುದು, ರಿಪೇರಿಗೆ ಬಂದ ಒಂದನ್ನು ಬಿಚ್ಚಿ ನೋಡಬಹುದು. ಸಿಡಿಲಿಗೆ ಯಾವ ಭಾಗ ಹೋಗಿದೆ, ಡಬ್ಬದೊಳಗೆ ಇರುವೆ ಗೂಡು ಕಟ್ಟಿ ಕಾಂಟ್ಯಾಕ್ಟರ್ ಹೇಗೆ ಕೂರದಂತಾಗಿದೆ, ಸಿಗ್ನಲ್ ಇಲ್ಲದ ತೋಟದಲ್ಲಿ ಜನ ಆಂಟೆನಾ ತಂತಿಯನ್ನು ಎಲ್ಲಿಗೆ ಎಳೆದಿದ್ದಾರೆ, ಇವೆಲ್ಲ ಅಲ್ಲಿ ಕಾಣುತ್ತವೆ. ಹಲ್ಲಿ, ಇರುವೆಗಳ ಬಗ್ಗೆ ನಿಮ್ಮ ಪಠ್ಯಪುಸ್ತಕದಲ್ಲಿ ಅಧ್ಯಾಯವಿಲ್ಲ. ತೋಟದಲ್ಲಿ ಬಾಳಬೇಕಾದ ಸಾಧನ ಮಾಡುವವರು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಆ ಡಬ್ಬದಲ್ಲಿರುವುದು 400 ವೋಲ್ಟಿಗೂ ಮೇಲಿನ ಕರೆಂಟ್, ಅದು ಎರಡನೆಯ ಅವಕಾಶ ಕೊಡುವುದಿಲ್ಲ. ಕರೆಂಟ್ ಇರುವಾಗ ಮುಚ್ಚಳ ತೆಗೆಯಬೇಡಿ. ಪಾಳಿಯಲ್ಲಿ ಕರೆಂಟ್ ಇಲ್ಲ ಎಂಬ ಧೈರ್ಯದ ಮೇಲೂ ತೆಗೆಯಬೇಡಿ, ಯಾವ ಹೊತ್ತಿಗಾದರೂ ಬರಬಹುದು. ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತಿಟ್ಟುಕೊಂಡಿರಬೇಕು. ಸ್ಟಾರ್ಟರ್‌ಗೆ ತಂತಿ ಜೋಡಿಸುವ ಕೆಲಸವನ್ನು ಊರಿನ ನುರಿತ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಐಟಿಐ ಓದಿದ ಅಂಥವರಿಂದ ನೀವು ಕಲಿಯುವುದು ಬಹಳವಿದೆ. ನಿಮ್ಮ ಭಾಗ 5 ವೋಲ್ಟಿನ ಕಡೆಯದು, ಅದನ್ನು ಮೇಜಿನ ಮೇಲೆ ಬಲ್ಬುಗಳನ್ನಿಟ್ಟುಕೊಂಡೇ ಪೂರ್ತಿ ಪರೀಕ್ಷಿಸಬಹುದು.

ಇನ್ನು ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸವಿಲ್ಲ ಎಂಬ ಮಾತು. ಅರ್ಧ ನಿಜ. ನಿಮ್ಮ ಕಾಲೇಜಿಗೆ ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಸೇವೆಯವು, ಅವು ಎಲ್ಲ ವಿಭಾಗದವರನ್ನೂ ಒಂದೇ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಸೋಸುತ್ತವೆ. ಅಲ್ಲಿಂದ ನೋಡಿದರೆ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೆನಿಸುತ್ತದೆ. ಆದರೆ ಬೆಂಗಳೂರು ಸಾಫ್ಟ್‌ವೇರ್‌ಗಿಂತ ಮೊದಲು ಎಲೆಕ್ಟ್ರಾನಿಕ್ಸ್ ಊರು. ದೂರವಾಣಿ ಉಪಕರಣಗಳ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ 1948ರದು, ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1954ರದು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದ ತಂಡ ಸಿದ್ಧಪಡಿಸಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆಯಿತು, ಅದರ ಹಿಂದೆ ಇನ್ನೂ ಅನೇಕ ಕಂಪನಿಗಳು ಬಂದವು. ಇವತ್ತು ಎಲೆಕ್ಟ್ರಾನಿಕ್ಸ್ ಓದಿದವರು ಕಾರಿನೊಳಗಿನ ನಿಯಂತ್ರಣ ಪೆಟ್ಟಿಗೆಗಳಿಗೆ, ಆಸ್ಪತ್ರೆಯ ಉಪಕರಣಗಳಿಗೆ, ವಿದ್ಯುತ್ ಮೀಟರುಗಳಿಗೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಬರೆಯುತ್ತಾರೆ, ಬೋರ್ಡ್ ವಿನ್ಯಾಸ ಮಾಡುತ್ತಾರೆ, ಪರೀಕ್ಷಿಸುತ್ತಾರೆ. ಚಿಪ್ ಕ್ಷೇತ್ರ ಎಂದರೆ ಎಲ್ಲರೂ ಸರ್ಕ್ಯೂಟ್ ಬಿಡಿಸುತ್ತಾರೆಂದಲ್ಲ. ಬಿಡಿಸಿದ್ದು ಸರಿಯೇ ಎಂದು ಪರಿಶೀಲಿಸುವವರ ತಂಡವೇ ಎಷ್ಟೋ ಕಡೆ ದೊಡ್ಡದು, ಅಲ್ಲಿ ದಿನವಿಡೀ ಕೋಡ್ ಬರೆಯುವುದೇ ಕೆಲಸ. ಹಾಗಾಗಿ ಎಲೆಕ್ಟ್ರಾನಿಕ್ಸೋ ಸಾಫ್ಟ್‌ವೇರೋ ಎಂದು ಎರಡು ದಡ ಮಾಡಿಕೊಂಡು ಒದ್ದಾಡಬೇಡಿ. ಪೈಥಾನ್ ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಸಿ ಭಾಷೆಯನ್ನು ಪಾಯಿಂಟರ್ ಸಮೇತ ಗಟ್ಟಿ ಮಾಡಿಕೊಳ್ಳಿ. 1970ರ ದಶಕದ ಭಾಷೆ ಎಂದು ಮೂಗು ಮುರಿಯುವವರಿದ್ದಾರೆ. ಚಿಕ್ಕ ಚಿಪ್ಪುಗಳ ಒಳಗೆ ಓಡುತ್ತಿರುವುದರಲ್ಲಿ ಇವತ್ತಿಗೂ ದೊಡ್ಡ ಪಾಲು ಅದೇ.

ಈ ಕೆಲಸಗಳು ಕಾಲೇಜಿನ ಬಾಗಿಲಿಗೆ ಬರುವುದು ಕಡಿಮೆ, ನೀವೇ ಹುಡುಕಿಕೊಂಡು ಹೋಗಬೇಕು. ಚಿಕ್ಕ ಕಂಪನಿಗಳೇ ಹೆಚ್ಚು, ಆರಂಭದ ಸಂಬಳ ಕೆಲವೊಮ್ಮೆ ಸಾಫ್ಟ್‌ವೇರ್ ಸೇವಾ ಕಂಪನಿಗಿಂತಲೂ ಕಡಿಮೆ. ಇಲ್ಲಿ ನಿಮ್ಮ ಸಾಲದ ವಿಷಯ ಬರುತ್ತದೆ. ಕ್ಯಾಂಪಸ್‌ನಲ್ಲಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಕೆಲಸ ಸಿಕ್ಕರೆ, ಮನೆಗೆ ದುಡ್ಡು ತುರ್ತಾಗಿ ಬೇಕಿದ್ದರೆ, ತೆಗೆದುಕೊಳ್ಳಿ. ಓದಿದ ವಿಷಯದ್ದೇ ಆದ ‘ಕೋರ್’ ಕೆಲಸವೇ ಬೇಕೆಂದು ಹಟ ಮಾಡಿ ಸಾಲದ ಕಂತನ್ನು ತಂದೆಯ ಹೆಗಲಿಗೆ ಹೊರಿಸುವುದನ್ನು ನಾನು ಆದರ್ಶ ಎಂದು ಕರೆಯುವುದಿಲ್ಲ. ಎರಡು ವರ್ಷ ದುಡಿದು, ಸಂಜೆಗಳಲ್ಲಿ ಕೈ ಬಿಡದೆ ಕಲಿತು ಆಚೆ ದಾಟಿದವರು ಬೇಕಾದಷ್ಟಿದ್ದಾರೆ. ಸಹಿ ಹಾಕುವ ಮುಂಚೆ ಒಪ್ಪಂದದ ಕಾಗದವನ್ನು ಪೂರ್ತಿ ಓದಿ: ಎಷ್ಟು ಕಾಲ ಬಿಡುವಂತಿಲ್ಲ, ಬಿಟ್ಟರೆ ಎಷ್ಟು ಕಟ್ಟಬೇಕು, ಮೂಲ ಅಂಕಪಟ್ಟಿ ಅವರ ಬಳಿ ಇಟ್ಟುಕೊಳ್ಳುತ್ತಾರೆಯೇ. ಮೂಲ ಅಂಕಪಟ್ಟಿ ಕೇಳಿದರೆ ಕೊಡಬೇಡಿ. ಮೊದಲು ಇಷ್ಟು ಕಟ್ಟಿ, ತರಬೇತಿ ಕೊಟ್ಟು ಕೆಲಸ ಕೊಡಿಸುತ್ತೇವೆ ಎನ್ನುವವರ ಕಚೇರಿಯ ಮೆಟ್ಟಿಲು ಹತ್ತಲೇಬೇಡಿ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.

ನಿಮ್ಮ ಊರಿನ ಕಡೆಯವರು ಅಷ್ಟಾಗಿ ಬಳಸಿಕೊಳ್ಳದ ದಾರಿಯೊಂದಿದೆ, ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ. ಪದವಿ ಮುಗಿಸಿದವರು ಒಂದು ವರ್ಷ, ಸ್ಟೈಪೆಂಡ್ ಸಮೇತ, ಸಾರ್ವಜನಿಕ ವಲಯದ ಮತ್ತು ಖಾಸಗಿ ಕಾರ್ಖಾನೆಗಳಲ್ಲಿ ಕಲಿಯಬಹುದು. ಕೊನೆಯಲ್ಲಿ ಅಲ್ಲೇ ಕೆಲಸ ಸಿಗುತ್ತದೆಂಬ ಖಾತರಿ ಇಲ್ಲ, ಸ್ಟೈಪೆಂಡ್ ದೊಡ್ಡದಲ್ಲ. ಆದರೆ ನಿಜವಾದ ಪರೀಕ್ಷಾ ಬೆಂಚಿನ ಮುಂದೆ ಒಂದು ವರ್ಷ ನಿಂತವರನ್ನು ಚಿಕ್ಕ ಕಂಪನಿಗಳು ಬೇರೆಯೇ ಕಣ್ಣಿನಿಂದ ನೋಡುತ್ತವೆ. ಗೇಟ್ ಪರೀಕ್ಷೆಯ ದಾರಿಯೂ ಇದೆ. ಅಂಕ ಮೂರು ವರ್ಷ ಊರ್ಜಿತ, ಎಂ.ಟೆಕ್‌ಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಅದಕ್ಕೆ ಸಿಗ್ನಲ್ಸ್, ನೆಟ್‌ವರ್ಕ್ಸ್, ಅನಲಾಗ್ ಬುನಾದಿ ಬೇಕು. ನಿಮ್ಮದು ಸದ್ಯ ಎಷ್ಟು ಗಟ್ಟಿ ಎಂದು ಒಂದು ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಫೋನ್ ಬೇರೆ ಕೋಣೆಯಲ್ಲಿಟ್ಟು ನೋಡಿಕೊಳ್ಳಿ.

ಕೋರ್ಸ್‌ಗಳಿಗೆ ದುಡ್ಡು ಸುರಿಯಬೇಡಿ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿಗಳ, ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎಂಬೆಡೆಡ್ (ಸಾಧನಗಳೊಳಗಿನ ಚಿಪ್ಪುಗಳ) ವಿಷಯದ್ದೋ ಅನಲಾಗ್ ಸರ್ಕ್ಯೂಟಿನದೋ ಒಂದನ್ನು ಆರಿಸಿ, ವಾರದ ಅಸೈನ್‌ಮೆಂಟುಗಳನ್ನು ಸ್ವಂತ ಕೈಯಲ್ಲಿ ಮಾಡಿ ಮುಗಿಸಿ. ರೆಸ್ಯೂಮೆಯಲ್ಲಿ ಹತ್ತು ಪ್ರಮಾಣಪತ್ರಗಳ ಸಾಲು ಕಂಡರೆ ನನಗೆ ಮೊದಲು ಬರುವುದು ಅನುಮಾನ.

ಎಐಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಕೆಲಸದಲ್ಲೂ ಅದನ್ನು ದಿನಾ ಬಳಸುತ್ತೇನೆ. ಬಳಸುವ ಸರದಿಯನ್ನು ಮಾತ್ರ ಬದಲಿಸಿ. ಮೊದಲು ಕಾಗದದ ಮೇಲೆ ನಿಮ್ಮ ಯೋಚನೆ, ಸರ್ಕ್ಯೂಟು, ಕೋಡಿನ ಹೊರಮೈ. ಆಮೇಲೆ ಅದನ್ನು ತೋರಿಸಿ, ಇದರಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಿ. ಅದು ಹೇಳಿದ ಪ್ರತಿ ಪಿನ್ ಸಂಖ್ಯೆಯನ್ನೂ ಪ್ರತಿ ಕರೆಂಟಿನ ಮಿತಿಯನ್ನೂ ಡೇಟಾಶೀಟಿನಲ್ಲಿ ತಾಳೆ ನೋಡಿ, ಏಕೆಂದರೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಅದು ಒಂದೇ ದನಿಯಲ್ಲಿ ಹೇಳುತ್ತದೆ. ಪರೀಕ್ಷೆಗೆ ಓದುವಾಗ ಅದನ್ನೇ ವೈವಾ ಪರೀಕ್ಷಕರನ್ನಾಗಿ ಮಾಡಿಕೊಳ್ಳಿ, ಕನ್ನಡದಲ್ಲೇ ಪ್ರಶ್ನೆ ಕೇಳು ಎಂದರೂ ಕೇಳುತ್ತದೆ.

ಆಸಕ್ತಿ ಯಾವುದೆಂದೇ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಹೇಗೆ ತಿಳಿಯಬೇಕು? ಇಲ್ಲಿಯವರೆಗೆ ನೀವು ಮಾಡಿದ್ದೆಲ್ಲ ಪರೀಕ್ಷೆಗಾಗಿ. ನಾನು ಆಸಕ್ತಿಯನ್ನು ಹೀಗೆ ಅಳೆಯುತ್ತೇನೆ: ಯಾವ ಬಗೆಯ ತೊಂದರೆ ಎದುರಾದಾಗ ನಿಮಗೆ ಎದ್ದು ಹೋಗಬೇಕೆನಿಸುವುದಿಲ್ಲ? ಎಲ್ಲ ಕೆಲಸದಲ್ಲೂ ತೊಂದರೆಯೇ ಹೆಚ್ಚು, ಅವುಗಳ ಜಾತಿ ಮಾತ್ರ ಬೇರೆ. ಈ ಸ್ಟಾರ್ಟರ್ ಕೆಲಸದಲ್ಲಿ ಎಲ್ಲ ಜಾತಿಯವೂ ಸಿಗುತ್ತವೆ. ರೀಡಿಂಗ್ ಏಕೆ ಕುಣಿಯುತ್ತಿದೆ ಎಂದು ಮಲ್ಟಿಮೀಟರ್ ಹಿಡಿದು ರಾತ್ರಿ ಕೂತದ್ದು ಬೇಸರವಾಗಲಿಲ್ಲವೇ? ಹಾರ್ಡ್‌ವೇರ್ ಕಡೆ ನೋಡಿ. ತಂತಿ ಮುಟ್ಟಲು ಬೇಸರ, ಆದರೆ ಸಂದೇಶ ಕಳೆದುಹೋದರೆ ಏನು ಮಾಡಬೇಕು, ಎರಡು ಸಲ ಬಂದರೆ ಏನು ಎಂಬ ತರ್ಕದಲ್ಲಿ ಮೈಮರೆತಿರೇ? ಸಾಫ್ಟ್‌ವೇರೇ ನಿಮ್ಮ ದಾರಿ, ಸಂಕೋಚಪಡದೆ ಹೋಗಿ. ತಿಂಗಳುಗಟ್ಟಲೆ ಸೇರಿದ ರೀಡಿಂಗುಗಳಲ್ಲಿ ಏನೋ ಒಂದು ಓಟ ಕಂಡು ಅದನ್ನೇ ಕೆದಕುತ್ತಾ ಹೋದಿರಾದರೆ ಡೇಟಾ ಕೆಲಸ. ಇದಾವುದೂ ಅಲ್ಲ, ಪಕ್ಕದ ತೋಟದವರೊಂದಿಗೆ ಕೂತು ಅವರ ತಾಪತ್ರಯ ಕೇಳುವುದೇ ಹಿತವಾಗಿತ್ತೆಂದರೆ, ಗ್ರಾಹಕರ ನಡುವೆ ಓಡಾಡುವ ಎಂಜಿನಿಯರ್ ಹುದ್ದೆಗಳೂ ಇವೆ. ಅವುಗಳ ಬಗ್ಗೆ ಕಾಲೇಜಿನಲ್ಲಿ ಯಾರೂ ಮಾತಾಡುವುದಿಲ್ಲ, ಸಂಬಳ ಮಾತ್ರ ಕಡಿಮೆಯೇನಲ್ಲ.

ಕೊನೆಯದಾಗಿ ನಿಮ್ಮ ತಂಡದ ಮೂವರು. ಅವರೊಂದಿಗೆ ಜಗಳಕ್ಕೆ ನಿಲ್ಲಬೇಡಿ, ಉಪದೇಶವೂ ಬೇಡ. ಅಂಗಡಿಗೆ ಕೊಡಬೇಕೆಂದಿರುವ ದುಡ್ಡಿನಲ್ಲಿ ಏನೇನು ಬರುತ್ತದೆ ಎಂದು ತೋರಿಸಿ. ಒಂದು ಶನಿವಾರ ನಾಲ್ವರೂ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ: ಇಎಸ್‌ಪಿ32 ಬೋರ್ಡು, ಕೆಪಾಸಿಟಿವ್ ಸೆನ್ಸರ್, ರಿಲೇ ಬೋರ್ಡು, ಮೋಟರ್ ಎಳೆಯುವ ಕರೆಂಟ್ ಅಳೆಯಲು ಕರೆಂಟ್ ಟ್ರಾನ್ಸ್‌ಫಾರ್ಮರ್, ಸೋಲ್ಡರಿಂಗ್ ಐರನ್, ಒಂದು ಸಾಧಾರಣ ಮಲ್ಟಿಮೀಟರ್, ಇವೆಲ್ಲವನ್ನೂ ಕೊಂಡರೂ ದುಡ್ಡು ಮಿಗುತ್ತದೆ. ಕೆಲಸ ಹಂಚಿಕೊಳ್ಳಿ, ಒಬ್ಬರಿಗೆ ಮೊಬೈಲ್ ಆ್ಯಪ್, ಒಬ್ಬರಿಗೆ ವರದಿ ಮತ್ತು ಚಿತ್ರಗಳು, ಒಬ್ಬರಿಗೆ ಬೋರ್ಡು, ನಿಮಗೆ ಫರ್ಮ್‌ವೇರ್ ಮತ್ತು ತೋಟ. ಮೂವರೂ ಒಪ್ಪದೆ ಅಂಗಡಿಗೇ ಹೋದರೆ, ನಿಮ್ಮ ಪಾಲಿನ ದುಡ್ಡು ಕೊಟ್ಟು ಅಂಕಗಳ ಮಟ್ಟಿಗೆ ಆ ಪ್ರಾಜೆಕ್ಟಿನಲ್ಲಿರಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಗೈಡ್ ಬಳಿ ಹೋಗಿ ಬೇರೆ ತಂಡಕ್ಕೆ ಸೇರಿಸಿ, ಅಥವಾ ಇದೇ ವಿಷಯದಲ್ಲಿ ನನ್ನ ಭಾಗವನ್ನು ಬೇರೆಯಾಗಿ ಮೌಲ್ಯಮಾಪನ ಮಾಡಿ ಎಂದು ಲಿಖಿತವಾಗಿ ಕೇಳಿ. ಪ್ರಾಜೆಕ್ಟಿನ ವೇಳಾಪಟ್ಟಿ ಶುರುವಾಗುವ ಮುಂಚೆ ಕೇಳಿದರೆ ಹೆಚ್ಚಿನ ಅಧ್ಯಾಪಕರು ಒಪ್ಪುತ್ತಾರೆ. ಅರ್ಧ ದಾರಿಯಲ್ಲಿ ಕೇಳಿದರೆ ಅವರಿಗೂ ಕಷ್ಟ. ಆದ್ದರಿಂದ ಆ ಮಾತನ್ನು ಈ ಸೆಮಿಸ್ಟರ್ ಮುಗಿಯುವುದರೊಳಗೆ ಆಡಿ.